ಎದೆಯುರಿಯೂ ಮಂಚದ ಕಾಲೂ

ರಾತ್ರಿ ಊಟ ಮುಗಿಸಿ ಮಲಗಿದ ಸ್ವಲ್ಪ ಹೊತ್ತಿಗೆಲ್ಲ ಎದೆಯ ನಡುವೆ ಉರಿ, ಗಂಟಲಿಗೆ ಹುಳಿನೀರು, ನಿದ್ರೆಗೆ ಭಂಗ. ಈ ಬಾಧೆಯನ್ನು ಅರಿಯದ ಮನೆಗಳು ವಿರಳ. ‘ಪಿತ್ತ’ವೆಂದೋ ‘ಗ್ಯಾಸ್’ ಎಂದೋ ಅದಕ್ಕೊಂದು ಹೆಸರಿಟ್ಟು, ಅಂಗಡಿಯಿಂದ ಗುಳಿಗೆ ತಂದು ನುಂಗಿ, ಬಹುಮಂದಿ ಸುಮ್ಮನಾಗುತ್ತಾರೆ. ಭೌತವಿಜ್ಞಾನವನ್ನು ಬೋಧಿಸುವ ನಮಗೆ ವೈದ್ಯದಲ್ಲಿ ಅಧಿಕಾರವಿಲ್ಲ. ಆದರೆ ಈ ಬಾಧೆಯ ದೊಡ್ಡ ಭಾಗವು ಕೊಳವೆ, ಕವಾಟ, ಒತ್ತಡ, ಇಳಿಜಾರುಗಳ ವಿಷಯವಾಗಿರುವುದರಿಂದ ಎರಡು ಮಾತು ಹೇಳುವುದು ಅನುಚಿತವಾಗಲಾರದೆಂದು ಭಾವಿಸುತ್ತೇವೆ.

ಜಠರದಲ್ಲಿ ಹೈಡ್ರೋಕ್ಲೋರಿಕ್ ಆಮ್ಲವಿರುವುದನ್ನು ಇಂಗ್ಲೆಂಡಿನ ವಿಲಿಯಂ ಪ್ರೌಟನು 1820ರ ದಶಕದಲ್ಲಿಯೇ ತೋರಿಸಿಕೊಟ್ಟನು. ಈ ಆಮ್ಲವನ್ನು ತಾಳಿಕೊಳ್ಳಲು ಜಠರದ ಒಳಗೋಡೆಗೆ ಲೋಳೆಯ ದಪ್ಪ ಹೊದಿಕೆಯುಂಟು. ಅನ್ನನಾಳಕ್ಕೆ ಅಂತಹ ರಕ್ಷಣೆಯಿಲ್ಲ. ಇವೆರಡೂ ಕೂಡುವೆಡೆಯಲ್ಲಿ ಸ್ನಾಯುವಿನ ಬಳೆಯೊಂದು ಬಾಗಿಲು ಕಾಯುತ್ತದೆ. ಹೊಟ್ಟೆ ಬಿರಿಯುವಂತೆ ಉಂಡಾಗ ಈ ಬಳೆ ಮತ್ತೆ ಮತ್ತೆ ಸಡಿಲುವುದು. ನಾವು ಕುಳಿತೋ ನಿಂತೋ ಇದ್ದರೆ ಸುಮಾರು 25 ಸೆಂಟಿಮೀಟರ್ ಉದ್ದದ ಅನ್ನನಾಳವನ್ನು ಆಮ್ಲವು ಗುರುತ್ವಾಕರ್ಷಣೆಗೆ ಎದುರಾಗಿ ಏರಬೇಕು. ಮಲಗಿದೊಡನೆ ಆ ಏರು ಇಲ್ಲವಾಗುತ್ತದೆ. ಸಾಲದುದಕ್ಕೆ, ಆಮ್ಲವನ್ನು ತೊಳೆದು ಕೆಳಗಿಳಿಸುವ ಜೊಲ್ಲು ನಿದ್ರೆಯಲ್ಲಿ ಬಹಳ ಕಡಿಮೆಯಾಗಿ, ನುಂಗುವ ಕ್ರಿಯೆಯೂ ಅಪರೂಪವಾಗುತ್ತದೆ. ಹಗಲಿನಲ್ಲಿ ಕ್ಷಣಿಕವಾದ ಉರಿಯು ರಾತ್ರಿಯಲ್ಲಿ ದೀರ್ಘವಾಗುವುದು ಈ ಕಾರಣದಿಂದಲೇ.

ಹಾಗಾದರೆ ಕಳೆದುಹೋದ ಏರನ್ನು ಮರಳಿ ಪಡೆಯಬಹುದೆ? 200 ಸೆಂಟಿಮೀಟರ್ ಉದ್ದದ ಮಂಚದ ತಲೆಯ ಕಡೆಯ ಎರಡು ಕಾಲುಗಳ ಕೆಳಗೆ 20 ಸೆಂಟಿಮೀಟರ್ ಎತ್ತರದ ಭದ್ರವಾದ ಮರದ ದಿಮ್ಮಿಗಳನ್ನಿಟ್ಟರೆ ಹತ್ತಕ್ಕೆ ಒಂದರಷ್ಟು ಇಳಿಜಾರು ದೊರೆಯುವುದು. ಅನ್ನನಾಳದ ಉದ್ದಕ್ಕೆ ಇದು ಎರಡೂವರೆ ಸೆಂಟಿಮೀಟರ್ ಏರು ಮಾತ್ರ. ಇಷ್ಟರಿಂದ ಏನಾದೀತೆಂದು ವಾಚಕರು ನಗಬಾರದು. ಬಚ್ಚಲಿನ ನೆಲಕ್ಕೆ ಗಾರೆ ಕೆಲಸದವನು ಕೊಡುವ ವಾಟ ಇದಕ್ಕಿಂತಲೂ ಬಹಳ ಕಡಿಮೆ. ಆದರೂ ನೀರು ನಿಲ್ಲದೆ ಹರಿದುಹೋಗುತ್ತದೆ. ದಿಂಬಿನ ಮೇಲೆ ದಿಂಬನ್ನು ಪೇರಿಸುವುದು ಇದಕ್ಕೆ ಸಮನಲ್ಲ. ಅದರಿಂದ ಕತ್ತು ಸೊಂಟಗಳು ಬಾಗಿ ಹೊಟ್ಟೆಯ ಮೇಲೆ ಒತ್ತಡ ಹೆಚ್ಚುವುದು. ಎಡಮಗ್ಗುಲಾಗಿ ಮಲಗುವುದೂ ಹಿತಕರ. ಆಗ ಜಠರದ ದ್ರವವು ಬಾಗಿಲಿಗಿಂತ ಕೆಳಮಟ್ಟದಲ್ಲಿ ನಿಲ್ಲುತ್ತದೆ.

ಇಳಿಜಾರಿನಷ್ಟೇ ಮುಖ್ಯವಾದುದು ಕಾಲ. ಗಟ್ಟಿಯಾದ ಊಟವು ಜಠರವನ್ನು ಬಿಟ್ಟು ಮುಂದೆ ಸಾಗಲು ಸುಮಾರು ನಾಲ್ಕು ಗಂಟೆ ಬೇಕು. ಎಣ್ಣೆ ತುಪ್ಪಗಳು ಹೆಚ್ಚಿದ್ದರೆ ಇನ್ನೂ ಹೆಚ್ಚು. ಒಂಬತ್ತೂವರೆಗೆ ಉಂಡು ಹತ್ತಕ್ಕೆ ಮಲಗುವವನು ತುಂಬಿದ ಕೊಡವನ್ನು ಅಡ್ಡ ಮಲಗಿಸಿದಂತೆಯೇ ಸರಿ. ಊಟಕ್ಕೂ ನಿದ್ರೆಗೂ ಮೂರು ಗಂಟೆಯಾದರೂ ಅಂತರವಿರಲಿ, ರಾತ್ರಿಯೂಟ ಮಿತವಾಗಿರಲಿ, ನಡುಕಟ್ಟು ಸಡಿಲವಾಗಿರಲಿ, ತಂಬಾಕೂ ಮದ್ಯವೂ ದೂರವಿರಲಿ. ಬೊಜ್ಜು ಇರುವವರು ತೂಕ ಇಳಿಸಿದಷ್ಟೂ ಜಠರದ ಮೇಲಣ ಒತ್ತಡ ಇಳಿಯುವುದು.

1980ರ ದಶಕದ ಕೊನೆಯಲ್ಲಿ ಬಳಕೆಗೆ ಬಂದ ಒಮೆಪ್ರಜೋಲ್ ಮತ್ತು ಅದರ ಬಳಗದ ಗುಳಿಗೆಗಳನ್ನು ನಾವು ಹಳಿಯುತ್ತಿಲ್ಲ. ಅನ್ನನಾಳದಲ್ಲಿ ಹುಣ್ಣಾದವರಿಗೆ ಅವು ಅವಶ್ಯಕ. ಆದರೆ ಅವು ಆಮ್ಲದ ಉತ್ಪತ್ತಿಯನ್ನು ತಗ್ಗಿಸುತ್ತವೆಯೇ ಹೊರತು ಸಡಿಲವಾದ ಬಾಗಿಲನ್ನು ಬಿಗಿಮಾಡಲಾರವು. ವೈದ್ಯರನ್ನು ಕೇಳದೆ ವರ್ಷಗಟ್ಟಲೆ ನುಂಗುವುದೂ, ಒಂದು ದಿನ ತಟಕ್ಕನೆ ಬಿಟ್ಟು ಇಮ್ಮಡಿ ಉರಿಯನ್ನು ಅನುಭವಿಸುವುದೂ ವಿವೇಕವಲ್ಲ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಮೇಲಿನ ಉಪದೇಶವೆಲ್ಲ ಉಣ್ಣುವ ಹೊತ್ತು ತನ್ನ ಕೈಯಲ್ಲಿರುವವನಿಗೆ ಸುಲಭ. ನಮ್ಮ ಅನೇಕ ಮನೆಗಳಲ್ಲಿ ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಉಣ್ಣುವ ತಾಯಿಯೋ ಸೊಸೆಯೋ, ಪಾತ್ರೆ ತೊಳೆದು ಒಡನೆಯೇ ಮಲಗುತ್ತಾಳೆ. ಬೆಳಗಿನ ಜಾವಕ್ಕೆ ಮೊದಲು ಏಳುವವಳೂ ಅವಳೇ. ಬೇಗ ಉಣ್ಣೆಂದು ಅವಳೊಬ್ಬಳಿಗೆ ಹೇಳುವುದು ಬರಿಯ ಮಾತು. ಇಡೀ ಮನೆ ಏಳೂವರೆಗೆ ಒಟ್ಟಿಗೆ ಊಟಕ್ಕೆ ಕುಳಿತು, ಕೆಲಸವನ್ನೂ ಹಂಚಿಕೊಂಡರೆ ಮಾತ್ರ ಅದು ಚಿಕಿತ್ಸೆಯಾದೀತು. ಎದೆಯುರಿ ಒಬ್ಬರದಾದರೂ ಅದರ ಪರಿಹಾರ ಮನೆಯವರೆಲ್ಲರದು.

ಎಚ್ಚರಿಕೆಯೊಂದುಂಟು. ನುಂಗಲು ಕಷ್ಟ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತವಾಂತಿ, ಕಪ್ಪು ಮಲ, ಇವುಗಳಲ್ಲೊಂದು ಕಂಡರೂ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು. ಎದೆನೋವು ತೋಳಿಗೋ ದವಡೆಗೋ ಹರಡಿದರೆ, ಬೆವರು ಉಬ್ಬಸಗಳು ಕೂಡಿದರೆ, ಅದನ್ನು ಎದೆಯುರಿಯೆಂದು ಬಗೆಯದೆ ಆ ಕ್ಷಣವೇ ಆಸ್ಪತ್ರೆಗೆ ಧಾವಿಸಬೇಕು. ಇವಾವುವೂ ಇಲ್ಲದ ಸಾಮಾನ್ಯ ಉರಿಗೆ, ಎರಡು ಮರದ ದಿಮ್ಮಿಗಳನ್ನೂ ಗಡಿಯಾರವನ್ನೂ ಮೊದಲು ಪರೀಕ್ಷಿಸಿ ನೋಡಿರೆಂದು ನಮ್ಮ ಬಿನ್ನಹ.