ಹುಲಿವೇಷದ ನಾಡಿನವರು 'ಫರ್ರಿ'ಗಳಿಗೆ ಹೆದರಬೇಕೆ?

ಅಮೆರಿಕದ ಟೆಕ್ಸಾಸ್ ರಾಜ್ಯದ ಶಾಸನಸಭೆಯಲ್ಲಿ 2025ರ ಮಾರ್ಚ್ ತಿಂಗಳಲ್ಲಿ ಒಂದು ವಿಚಿತ್ರ ಮಸೂದೆ ಮಂಡನೆಯಾಯಿತು. ಶಾಲೆಯಲ್ಲಿ ಮಕ್ಕಳು ಬಾಲ ಕಟ್ಟಿಕೊಳ್ಳುವುದು, ಬೊಗಳುವುದು, ಬೆಕ್ಕಿನಂತೆ ಕೂಗುವುದು ಇವೆಲ್ಲವನ್ನೂ ನಿಷೇಧಿಸುವುದು ಅದರ ಉದ್ದೇಶ. ಬೆಕ್ಕೆಂದು ಹೇಳಿಕೊಳ್ಳುವ ವಿದ್ಯಾರ್ಥಿಗಾಗಿ ಶಾಲೆಯೊಂದು ಮರಳಿನ ತಟ್ಟೆಯನ್ನು ಇರಿಸಿದೆಯೆಂಬ ವದಂತಿ ಅದಕ್ಕೆ ಪ್ರೇರಣೆ. ಇದೇ ವದಂತಿ ಅದಕ್ಕೂ ಮೊದಲು ಹಲವು ರಾಜ್ಯಗಳಲ್ಲಿ ಸುತ್ತಾಡಿತ್ತು. ಪತ್ರಕರ್ತರು ಹುಡುಕಿದರು, ಅಂಥ ತಟ್ಟೆ ಯಾವ ಶಾಲೆಯಲ್ಲೂ ಸಿಗಲಿಲ್ಲ. ಮಸೂದೆಯೂ ಕಾನೂನಾಗಲಿಲ್ಲ.

ಮಸೂದೆ ಅಲ್ಲಿಯೇ ನಿಂತರೂ ವದಂತಿ ಸಾಗರ ದಾಟಿ ಪುಣೆಯ ನಮ್ಮ ಮೊಬೈಲುಗಳಿಗೆ ಬಂದಿದೆ. ಮಕ್ಕಳು, ಮೊಮ್ಮಕ್ಕಳು ಅಮೆರಿಕದಲ್ಲಿ ನೆಲೆಸಿರುವ ಹಿರಿಯರು ನಮ್ಮಲ್ಲಿ ಕಡಿಮೆಯೇನಿಲ್ಲ. ಈಚೆಗೆ ಹಿರಿಯರೊಬ್ಬರು, "ನಮ್ಮ ಮೊಮ್ಮಗಳು ನರಿಯ ಕಿವಿ, ಬಾಲ ಕಟ್ಟಿಕೊಂಡು ಫೋಟೋ ಕಳಿಸಿದ್ದಾಳೆ. ಇದು ಕಾಯಿಲೆಯೇ?" ಎಂದು ಗಾಬರಿಯಿಂದ ಕೇಳಿದರು. ಬ್ಯಾಂಕಿನಲ್ಲಿ ಅಂಕಿಗಳೊಡನೆ ಕಾಲ ಕಳೆದ ನನಗೆ ಆಗ ಥಟ್ಟನೆ ಉತ್ತರ ಹೊಳೆಯಲಿಲ್ಲ. ವಿಚಾರಿಸಿ ತಿಳಿದುಕೊಂಡದ್ದನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

'ಫರ್' ಎಂದರೆ ತುಪ್ಪುಳು. ಮನುಷ್ಯರಂತೆ ಮಾತನಾಡುವ, ನಡೆಯುವ ಪ್ರಾಣಿಪಾತ್ರಗಳನ್ನು ಪ್ರೀತಿಸುವ ಹವ್ಯಾಸಿಗಳು ತಮ್ಮನ್ನು 'ಫರ್ರಿ'ಗಳೆಂದು ಕರೆದುಕೊಳ್ಳುತ್ತಾರೆ. ಪ್ರತಿಯೊಬ್ಬರೂ ತಮಗೊಂದು ಪ್ರಾಣಿಪಾತ್ರವನ್ನು ಕಲ್ಪಿಸಿಕೊಂಡು, ಅದರ ಚಿತ್ರ ಬರೆಯುತ್ತಾರೆ, ಕಥೆ ಕಟ್ಟುತ್ತಾರೆ. ಕೆಲವರು ಮಾತ್ರ ಸಾವಿರಾರು ಡಾಲರು ತೆತ್ತು ಮೈತುಂಬ ತುಪ್ಪುಳಿನ ಉಡುಪು ಹೊಲಿಸಿಕೊಳ್ಳುತ್ತಾರೆ. 1989ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಡೆದ ಮೊದಲ ಸಮ್ಮೇಳನಕ್ಕೆ ಬಂದವರು ನೂರು ಮಂದಿಯೂ ಇರಲಿಲ್ಲ. 2024ರಲ್ಲಿ ಪಿಟ್ಸ್‌ಬರ್ಗ್ ನಗರದ 'ಆಂಥ್ರೋಕಾನ್' ಸಮ್ಮೇಳನಕ್ಕೆ ಹದಿನೇಳು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಅಲ್ಲಿ ಪ್ರತಿವರ್ಷ ಪ್ರಾಣಿಗಳ ಆರೈಕೆಗೆಂದು ದೇಣಿಗೆಯನ್ನೂ ಸಂಗ್ರಹಿಸುತ್ತಾರೆ. ಇವರಲ್ಲಿ ಬಹುತೇಕರು ತಾವು ಪ್ರಾಣಿಗಳೆಂದು ನಂಬಿದವರಲ್ಲ. ಆದರೆ ಈ ಹವ್ಯಾಸದ ಸುತ್ತ ಅಂತರ್ಜಾಲದಲ್ಲಿ ವಯಸ್ಕರಿಗೆ ಮಾತ್ರ ಸಲ್ಲುವ ಚಿತ್ರಗಳೂ ಇವೆ ಎಂಬುದನ್ನು ಮುಚ್ಚಿಡುವುದು ಸರಿಯಲ್ಲ. ಹದಿಹರೆಯದ ಮಗು ಯಾರೊಡನೆ ಒಡನಾಡುತ್ತಿದೆ ಎಂದು ತಂದೆತಾಯಿಗಳು ಗಮನಿಸಲೇಬೇಕು. ಆ ಎಚ್ಚರ ಬೇರೆ, ಬಾಲವನ್ನು ಕಂಡು ಬೆಚ್ಚುವುದು ಬೇರೆ.

ಬೆಚ್ಚುವ ಮುನ್ನ ನಮ್ಮ ಊರುಗಳನ್ನು ನೆನೆಯೋಣ. ಕರಾವಳಿಯಿಂದ ಪುಣೆಗೆ ಬಂದು ಹೊಟೇಲು ಕಟ್ಟಿದ ಕುಟುಂಬಗಳಿಗೆ ಹುಲಿವೇಷವನ್ನು ವಿವರಿಸಬೇಕಾಗಿಲ್ಲ. ಉಡುಪಿಯಲ್ಲಿ ಕೃಷ್ಣಾಷ್ಟಮಿಯ ವಿಟ್ಲಪಿಂಡಿಗೆ, ಮಂಗಳೂರಿನಲ್ಲಿ ದಸರೆಗೆ ತಾಸೆಯ ಪೆಟ್ಟು ಕೇಳಿಸಿದರೆ ಐವತ್ತು ದಾಟಿದವರ ಕಾಲೂ ಸುಮ್ಮನಿರದು. ವೇಷ ಹಾಕುವವನು ಮೈಯ ಕೂದಲನ್ನು ತೆಗೆಸಿ, ಗಂಟೆಗಟ್ಟಲೆ ನಿಂತು ಬಣ್ಣ ಬಳಿಸಿಕೊಳ್ಳುತ್ತಾನೆ. ಹಸಿಬಣ್ಣದ ಮೇಲೆ ಕುರಿಯ ಉಣ್ಣೆಯನ್ನು ಉದುರಿಸಿ ಅಂಟಿಸುವ ಪದ್ಧತಿಯೂ ಇದೆ. ಅಮೆರಿಕದವರು ಹೊಲಿಸಿಕೊಳ್ಳುವ ತುಪ್ಪುಳನ್ನು ನಮ್ಮವರು ಚರ್ಮಕ್ಕೇ ಅಂಟಿಸಿಕೊಂಡರು! ಬಳಿಕ ಸುಮಾರು 40 ಕಿಲೋ ತೂಕದ ಅಕ್ಕಿಮುಡಿಯನ್ನು ಹಲ್ಲಿನಿಂದ ಕಚ್ಚಿ ಎತ್ತಿ ಹಿಂದಕ್ಕೆ ಎಸೆಯುವ ಸಾಹಸ ಬೇರೆ. ಬಣ್ಣ ಕಳೆಯಲು ಸೀಮೆಎಣ್ಣೆ ಹಚ್ಚಿಕೊಂಡವರ ಉರಿ ಅವರಿಗೇ ಗೊತ್ತು. ಉಡುಪಿಯ ಅಷ್ಟಮಿಯಲ್ಲಿ ಕೂಲಿ ಕಾರ್ಮಿಕರಾದ ರವಿ ಕಟಪಾಡಿಯವರು ಭಯಾನಕ ವೇಷಗಳನ್ನು ತೊಟ್ಟು, ಕಾಯಿಲೆಯ ಮಕ್ಕಳ ಚಿಕಿತ್ಸೆಗಾಗಿ ಹಣ ಕೂಡಿಸಿದ್ದು ನಾಡಿಗೆಲ್ಲ ತಿಳಿದ ಸಂಗತಿ.

ಇದು ಕರಾವಳಿಯ ಸೊತ್ತು ಮಾತ್ರವಲ್ಲ. ಉತ್ತರ ಕರ್ನಾಟಕದಲ್ಲಿ ಮೊಹರಂ ಹಬ್ಬಕ್ಕೆ ಹರಕೆ ಹೊತ್ತು ಹುಲಿಬಣ್ಣ ಬಳಿದುಕೊಳ್ಳುವವರಿದ್ದಾರೆ. ಮೈಲಾರಲಿಂಗನ ಗೊರವಯ್ಯನ ತಲೆಯ ಮೇಲೆ ಕರಡಿಯ ಕೂದಲಿನ ಟೋಪಿ. ದೋಣಿಸೇವೆಯಲ್ಲಿ ಗೊರವರು ನಾಯಿಗಳಂತೆ ಬೊಗಳುತ್ತ, ಪೈಪೋಟಿಯಿಂದ ನೈವೇದ್ಯಕ್ಕೆ ಬಾಯಿ ಹಾಕುತ್ತಾರೆ. ಆ ಮೈಲಾರನೇ ಪುಣೆಯ ಸಮೀಪದ ಜೇಜುರಿಯಲ್ಲಿ ಖಂಡೋಬನಾಗಿ ಭಂಡಾರದಲ್ಲಿ ಮುಳುಗಿದ್ದಾನೆ. ಅವನ ಸೇವಕನಿಗೆ ಮರಾಠಿಯಲ್ಲಿ 'ವಾಘ್ಯಾ' ಎಂದು ಹೆಸರು. ವಾಘ್ ಎಂದರೆ ಹುಲಿ. ವಾಘ್ಯಾಗಳೂ ದೇವರ ಮುಂದೆ ನಾಯಿಯಂತೆ ಬೊಗಳುತ್ತಿದ್ದರೆಂದು ಹಿಂದಿನವರು ಬರೆದಿಟ್ಟಿದ್ದಾರೆ. ಟೆಕ್ಸಾಸಿನ ಶಾಸಕರು ಒಮ್ಮೆ ಜೇಜುರಿಗೆ ಬಂದಿದ್ದರೆ ಮಸೂದೆಗೆ ಇನ್ನೆಷ್ಟು ಕಲಮುಗಳು ಸೇರುತ್ತಿದ್ದವೋ!

ಹಾಗೆಂದು ಎರಡೂ ಒಂದೇ ಎನ್ನಲಾಗದು. ನಮ್ಮಲ್ಲಿ ಪ್ರಾಣಿವೇಷಕ್ಕೆ ತಿಥಿಯಿದೆ, ಹರಕೆಯಿದೆ, ಬಣ್ಣ ಹಚ್ಚುವ ಮೊದಲು ಪೂಜೆಯಿದೆ. ಹಬ್ಬ ಮುಗಿದೊಡನೆ ಹುಲಿಯೂ ಮುಗಿಯುತ್ತದೆ. ಅಲ್ಲಿಯ ಹವ್ಯಾಸಿಗೆ ಪಾತ್ರ ಅವನದೇ ಆಯ್ಕೆ, ವರ್ಷವಿಡೀ ಅವನದೇ. ಅದನ್ನು ಕೊಟ್ಟ ಊರಿಲ್ಲ, ಕೇಳುವ ಊರೂ ಇಲ್ಲ. ಮುಖಾಮುಖಿ ಮಾತನಾಡಲು ಸಂಕೋಚಪಡುವ ಮಗುವಿಗೆ ಮುಖವಾಡದ ಹಿಂದೆ ಮಾತು ಹೊರಡುವುದುಂಟು. ನಮ್ಮೂರಿನಲ್ಲಿ ನಾಚಿಕೆಯ ಹುಡುಗನೊಬ್ಬ ಹುಲಿಯಾಗಿ ಕುಣಿದ ಮೇಲೆ ಎದೆಯೆತ್ತಿ ನಡೆದದ್ದನ್ನು ನಾನೇ ಕಂಡಿದ್ದೇನೆ. ಅವನಿಗೆ ಇಡೀ ಕೇರಿಯೇ ಚಪ್ಪಾಳೆ ತಟ್ಟಿತ್ತು. ಮೊಮ್ಮಗಳ ಬಾಲಕ್ಕೆ ಚಪ್ಪಾಳೆ ತಟ್ಟುವವರು ಪರದೆಯಾಚೆಗಿನ ಅಪರಿಚಿತರು. ನಮ್ಮ ಚಿಂತೆಗೆ ವಿಷಯವಾಗಬೇಕಾದದ್ದು ಇದೇ ಎಂದು ನನ್ನ ಅಭಿಪ್ರಾಯ.

ಇದರ ನಡುವೆ ನಾವು ಚಿಂತಿಸಬೇಕಾದ ಕಡೆ ಚಿಂತಿಸುತ್ತಿಲ್ಲ. 2022ರಲ್ಲಿ 'ಕಾಂತಾರ' ಚಲನಚಿತ್ರ ಬಂದ ಮೇಲೆ ಹಂದಿಯ ರೂಪದ ದೈವ ಪಂಜುರ್ಲಿ ದೇಶಕ್ಕೆಲ್ಲ ಪರಿಚಿತವಾಯಿತು. ಜೊತೆಗೆ ಮಕ್ಕಳ ವೇಷಭೂಷಣ ಸ್ಪರ್ಧೆಗಳಿಗೂ ಇಳಿಯಿತು. ಪುಣೆಯ ಸಮಾರಂಭವೊಂದರಲ್ಲಿ ಬಹುಮಾನ ಪಡೆದದ್ದನ್ನೂ ನೋಡಿದೆ. 2025ರ ಅಕ್ಟೋಬರಿನಲ್ಲಿ ಎರಡನೆಯ ಚಿತ್ರ ಬಂದಾಗ ಅಭಿಮಾನಿಗಳು ದೈವದ ವೇಷದಲ್ಲೇ ಚಿತ್ರಮಂದಿರಕ್ಕೆ ಹೋದರು. ನಿರ್ಮಾಪಕರಾದ ಹೊಂಬಾಳೆ ಸಂಸ್ಥೆಯೇ ದೈವವನ್ನು ಅನುಕರಿಸಬೇಡಿರೆಂದು ವಿನಂತಿಸಬೇಕಾಯಿತು. ಮರು ತಿಂಗಳು ಗೋವೆಯ ಚಿತ್ರೋತ್ಸವದ ವೇದಿಕೆಯಲ್ಲಿ ಹಿಂದಿ ನಟರೊಬ್ಬರು ದೈವದ ಆವೇಶವನ್ನು ಅಣಕಿಸಿದಂತೆ ಅಭಿನಯಿಸಿ, ಬಳಿಕ ಕ್ಷಮೆ ಕೇಳಿದರು.

ಹುಲಿವೇಷವನ್ನು ಹರಕೆಯುಳ್ಳವರು, ಉತ್ಸಾಹಿಗಳು ಹಾಕಬಹುದು. ಈಗ ಹೆಣ್ಣುಮಕ್ಕಳೂ ಕುಣಿಯುತ್ತಿದ್ದಾರೆ, ಸಂತೋಷ. ಪಂಜುರ್ಲಿಯ ಅಣಿ ಹಾಗಲ್ಲ. ಅದನ್ನು ಕಟ್ಟುವ ಹಕ್ಕು ನಲಿಕೆ, ಪರವ, ಪಂಬದ ಸಮುದಾಯಗಳಿಗೆ ಪರಂಪರೆಯಿಂದ ಬಂದದ್ದು. ಕೋಲದ ರಾತ್ರಿ ಊರಿನ ಯಜಮಾನರನ್ನೂ ಕೈಮುಗಿದು ನಿಲ್ಲಿಸಿದ ಈ ಕಲಾವಿದರು ಬೆಳಗಾದ ಮೇಲೆ ಅನುಭವಿಸಿದ ಅವಮಾನ ಸಣ್ಣದಲ್ಲ. ಅರವತ್ತು ದಾಟಿದ ದೈವನರ್ತಕರಿಗೆ ತಿಂಗಳಿಗೆ 2000 ರೂಪಾಯಿ ಮಾಸಾಶನವನ್ನು ರಾಜ್ಯ ಸರ್ಕಾರ ಘೋಷಿಸಿದ್ದು ಚಿತ್ರ ಗೆದ್ದ ಮೇಲೆ, 2022ರ ಅಕ್ಟೋಬರಿನಲ್ಲಿ. ಅವರಿಗೆ ಬದುಕೂ ನಂಬಿಕೆಯೂ ಆದದ್ದನ್ನು ನಮ್ಮ ಮಕ್ಕಳಿಗೆ ಮೂರು ನಿಮಿಷದ ಬಹುಮಾನದ ವೇಷವಾಗಿ ಕೊಡುವಾಗ ನಾವು ಯಾರನ್ನೂ ಕೇಳಲಿಲ್ಲ.

ಆ ಹಿರಿಯರಿಗೆ ನಾನು ಕೊನೆಗೆ ಹೇಳಿದ್ದು ಇಷ್ಟು: "ಮೊಮ್ಮಗಳನ್ನು ಗದರಬೇಡಿ. ಅವಳ ನರಿಗೆ ಏನು ಹೆಸರಿಟ್ಟಿದ್ದಾಳೆಂದು ಕೇಳಿ. ಮುಂದಿನ ಅಷ್ಟಮಿಗೆ ರಜೆ ಸಿಕ್ಕರೆ ಉಡುಪಿಗೆ ಕರೆತನ್ನಿ." ಸಂಘದ ಗೆಳೆಯರಲ್ಲಿಯೂ ಒಂದು ವಿನಂತಿ. ಬರುವ ಗಣೇಶೋತ್ಸವದ ವೇಷಭೂಷಣ ಸ್ಪರ್ಧೆಯಲ್ಲಿ ನರಿ, ಹುಲಿ, ಕರಡಿ ಯಾವುದೇ ಬರಲಿ, ಹೆಸರು ಬರೆದುಕೊಳ್ಳೋಣ. ಪಂಜುರ್ಲಿಯ ಅರ್ಜಿ ಬಂದರೆ ಮಾತ್ರ ತಂದೆತಾಯಿಗಳನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಮಾತನಾಡೋಣ.