ಬರಿದಾಗಿ ಮರಳದ ಪಾತ್ರೆ

ನೆರೆಮನೆಯಿಂದ ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಮನೆಯಲ್ಲಿ ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕಳುಹಿಸುತ್ತಿದ್ದರು. ಮನೆಗಳ ನಡುವಿನ ಈ ರೂಢಿಯನ್ನು ಎರಡು ದೇಶಗಳ ಜನರು ಪಾಲಿಸುತ್ತಿರುವುದನ್ನು ಕೇಳಿದ್ದೀರಾ?

ಅಮೇರಿಕದ ಬೋಸ್ಟನ್ ನಗರದಲ್ಲಿ ಪ್ರತಿ ವರ್ಷ ಕ್ರಿಸ್‌ಮಸ್‌ಗೆ ಕೆಲವು ವಾರಗಳ ಮೊದಲು ಬೋಸ್ಟನ್ ಕಾಮನ್ ಎಂಬ ಹಳೆಯ ಉದ್ಯಾನದಲ್ಲಿ ದೊಡ್ಡ ಮರವೊಂದಕ್ಕೆ ದೀಪ ಬೆಳಗಿಸುತ್ತಾರೆ. ಸುಮಾರು 45 ಅಡಿ ಎತ್ತರದ ಆ ಮರ ಅಲ್ಲಿ ಬೆಳೆದದ್ದಲ್ಲ. ಕೆನಡಾದ ನೋವಾ ಸ್ಕೋಶಿಯಾ ಪ್ರಾಂತ್ಯದ ಜನರು ಕಳುಹಿಸಿದ ಉಡುಗೊರೆ ಅದು. ಅದರ ಹಿಂದೆ ಕಣ್ಣೀರಿನ ಕಥೆಯಿದೆ.

1917ರ ಡಿಸೆಂಬರ್ 6. ಮೊದಲ ಮಹಾಯುದ್ಧದ ಕಾಲ. ಆ ಪ್ರಾಂತ್ಯದ ರಾಜಧಾನಿ ಹ್ಯಾಲಿಫ್ಯಾಕ್ಸ್‌ನ ಬಂದರಿನಲ್ಲಿ ಬೆಳಿಗ್ಗೆ ಎರಡು ಹಡಗುಗಳು ಢಿಕ್ಕಿಯಾದವು. ಅವುಗಳಲ್ಲಿ ಮೋಂಟ್ ಬ್ಲಾಂಕ್ ಎಂಬ ಫ್ರೆಂಚ್ ಹಡಗಿನ ತುಂಬ ಸಿಡಿಮದ್ದು ಇತ್ತು. ಊರವರಿಗೆ ಅದು ಗೊತ್ತಿರಲಿಲ್ಲ. ಹೊತ್ತಿ ಉರಿಯುವ ಹಡಗನ್ನು ನೋಡಲು ತಾಯಂದಿರು, ಮಕ್ಕಳು ಕಿಟಕಿಗಳ ಬಳಿ ನಿಂತರು. ಒಂಬತ್ತು ಗಂಟೆ ದಾಟುತ್ತಿದ್ದಂತೆ ಹಡಗು ಸ್ಫೋಟಿಸಿತು. ಸುಮಾರು 2,000 ಮಂದಿ ಪ್ರಾಣ ಕಳೆದುಕೊಂಡರು. ಸುಮಾರು 9,000 ಮಂದಿ ಗಾಯಗೊಂಡರು. ಒಡೆದ ಗಾಜಿನ ಚೂರುಗಳು ಅನೇಕರ ಕಣ್ಣುಗಳನ್ನೇ ಕಿತ್ತುಕೊಂಡವು.

ಸುದ್ದಿ ಬೋಸ್ಟನ್ ತಲುಪಿತು. ಬೋಸ್ಟನ್ ನಗರವಿರುವ ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್ ಸ್ಯಾಮುಯೆಲ್ ಮೆಕಾಲ್, 'ಏನು ಬೇಕಾದರೂ ಕೊಡುತ್ತೇವೆ' ಎಂಬ ಅರ್ಥದ ತಂತಿ ಕಳುಹಿಸಿದರು. ಉತ್ತರ ಬರಲಿಲ್ಲ. ಆದರೂ ಅವರು ಕಾದು ಕೂರಲಿಲ್ಲ. ಅದೇ ರಾತ್ರಿ ವೈದ್ಯರು, ದಾದಿಯರು ಮತ್ತು ಔಷಧಿಗಳನ್ನು ಹೊತ್ತ ರೈಲು ಹೊರಟಿತು. ದಾರಿಯಲ್ಲಿ ಭೀಕರ ಹಿಮಗಾಳಿ ಎದುರಾಯಿತು. ಹಳಿಗಳ ಮೇಲೆ ಹಿಮ ರಾಶಿ ಬಿತ್ತು. ಆದರೂ ಡಿಸೆಂಬರ್ 8ರ ಬೆಳಿಗ್ಗೆ ರೈಲು ಹ್ಯಾಲಿಫ್ಯಾಕ್ಸ್ ಮುಟ್ಟಿತು. ನೆರವು ಅಲ್ಲಿಗೇ ನಿಲ್ಲಲಿಲ್ಲ. ಮನೆ ಕಳೆದುಕೊಂಡವರು ಹೊಸದಾಗಿ ಸಂಸಾರ ಹೂಡಲು ಬೇಕಾದ ಪೀಠೋಪಕರಣಗಳನ್ನೂ ಅವರು ಒದಗಿಸಿದರು.

ಮರುವರ್ಷ, 1918ರಲ್ಲಿ, ಹ್ಯಾಲಿಫ್ಯಾಕ್ಸ್‌ನವರು ಬೋಸ್ಟನ್‌ಗೆ ಒಂದು ಮರ ಕಳುಹಿಸಿದರು. ಸುಟ್ಟ ಊರು ಆಗ ಇನ್ನೇನು ತಾನೇ ಕೊಡಬಲ್ಲದು? ಬಳಿಕ ಈ ಪದ್ಧತಿ ನಿಂತುಹೋಯಿತು. 1971ರಲ್ಲಿ ಆ ಪ್ರಾಂತ್ಯದ ಲುನೆನ್‌ಬರ್ಗ್ ಜಿಲ್ಲೆಯ ಮರ ಬೆಳೆಗಾರರು ಅದಕ್ಕೆ ಮರುಜೀವ ಕೊಟ್ಟರು. ಮುಂದೆ ಪ್ರಾಂತ್ಯದ ಸರಕಾರವೇ ಹೊಣೆ ವಹಿಸಿಕೊಂಡಿತು. ಅನೇಕ ವರ್ಷ ಈ ಮರ ಯಾವುದೋ ಸಾಮಾನ್ಯ ಕುಟುಂಬದ ಜಮೀನಿನಿಂದ ಬಂದಿದೆ. ಎಷ್ಟೋ ವರ್ಷಗಳಿಂದ ಕಣ್ಣೆದುರು ಬೆಳೆದ ಮರವನ್ನು ಅವರು ಹೆಮ್ಮೆಯಿಂದ ಕೊಡುತ್ತಾರೆ. ಅದನ್ನು ಕಡಿಯುವ ದಿನ ಶಾಲಾ ಮಕ್ಕಳೂ ಬಂದು ಸೇರುತ್ತಾರೆ.

ಬೋಸ್ಟನ್‌ನಂಥ ಶ್ರೀಮಂತ ನಗರಕ್ಕೆ ಮರದ ಕೊರತೆಯೇನೂ ಇಲ್ಲ. ಅಂದು ಗಾಯಗೊಂಡವರೂ ಇಂದಿಲ್ಲ, ರೈಲು ಹತ್ತಿ ಬಂದವರೂ ಇಲ್ಲ. ಆದರೂ ಪ್ರತಿ ವರ್ಷ ಮರ ಹೊರಡುವಾಗ, 'ಇದನ್ನೇಕೆ ಕಳುಹಿಸುತ್ತಾರೆ?' ಎಂದು ಯಾವುದೋ ಮಗು ಕೇಳುತ್ತದೆ. ಹಿರಿಯರು ಕಥೆ ಹೇಳುತ್ತಾರೆ. ಉಪಕಾರದ ನೆನಪು ಹೀಗೆ ಉಳಿಯುತ್ತದೆ.

ನಮ್ಮ ಮನೆಯಲ್ಲೂ ಕಾಯಿಲೆ, ಸಾವು, ಸಾಲದ ದಿನಗಳು ಬಂದಿರುತ್ತವೆ. ಆಗ ಕರೆಯದೆ ಓಡಿ ಬಂದವರೊಬ್ಬರು ಇದ್ದೇ ಇರುತ್ತಾರೆ. ಅವರ ಹೆಸರು ನಮ್ಮ ಮಕ್ಕಳಿಗೆ ಗೊತ್ತಿದೆಯೇ? ಇಲ್ಲವಾದರೆ ಇಂದು ರಾತ್ರಿ ಊಟಕ್ಕೆ ಕೂತಾಗ ಹೇಳಿಬಿಡೋಣ.