ಎಕ್ಸೋಸೋಮ್ ಚಿಕಿತ್ಸೆ: ಹಣ ಕಟ್ಟುವ ಮುನ್ನ

ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆರಗುವ ರುಮಟಾಯ್ಡ್ ಸಂಧಿವಾತಕ್ಕೆ ‘ಎಕ್ಸೋಸೋಮ್’ ಚುಚ್ಚುಮದ್ದು ರಾಮಬಾಣವೆಂಬ ಪ್ರಚಾರವನ್ನು ನಾವು ಒಪ್ಪಲಾರೆವು. ಜೀವಕೋಶಗಳು ಹೊರಬಿಡುವ ಈ ಅತಿಸೂಕ್ಷ್ಮ ಸಂಚಿಗಳು ಕೋಶದಿಂದ ಕೋಶಕ್ಕೆ ಸಂದೇಶ ಒಯ್ಯುತ್ತವೆ. ಪ್ರಾಣಿಗಳಲ್ಲಿ ಉರಿಯೂತ ತಗ್ಗಿಸಿರುವುದೂ ನಿಜ. ಆದರೆ ಅಮೆರಿಕದ ನೆಬ್ರಾಸ್ಕಾದಲ್ಲಿ ಇಂಥ ಉತ್ಪನ್ನ ಪಡೆದವರು ತೀವ್ರ ತೊಂದರೆಗೀಡಾಗಿ, 2019ರ ಡಿಸೆಂಬರಿನಲ್ಲಿ ಅಲ್ಲಿನ ಔಷಧ ನಿಯಂತ್ರಕರು ಸಾರ್ವಜನಿಕ ಎಚ್ಚರಿಕೆ ನೀಡಬೇಕಾಯಿತು.

ಕಾಗದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿದ ಭದ್ರಾವತಿಯಲ್ಲಿ ಕೂಡಿಟ್ಟ ಹಣದ ಬೆಲೆಯೇನೆಂದು ನಮ್ಮ ಕುಟುಂಬಗಳು ಬಲ್ಲವು. ಹಣಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ: ವಾರಕ್ಕೊಮ್ಮೆ ನುಂಗುವ ಅಗ್ಗದ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ಇದರ ಆಸೆಗೆ ಬಿಟ್ಟು ಬೆರಳು ಸೊಟ್ಟಗಾದರೆ, ಮರಳಿ ನೆಟ್ಟಗಾಗದು. ಸಂಶೋಧನೆಯೆನ್ನುವವರು ರಾಷ್ಟ್ರೀಯ ಪ್ರಯೋಗ ನೋಂದಣಿಯ ಸಂಖ್ಯೆಯನ್ನು ಬರೆದುಕೊಡಲಿ. ಅದನ್ನು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ವೈದ್ಯರಿಗೆ ತೋರಿಸಿ ಕೇಳೋಣ.